ತಪ್ಪು ಮಾಹಿತಿಗೆ ಶುಲ್ಕವಿಲ್ಲ

ಕುದುರೆಗಳು ಓಡುತ್ತವೆ ಎಂಬುದು ಕುದುರೆ ಓಟ ಮಾಹಿತಿ ಮಂಡಳಿಯು ತನ್ನ ಮೊಟ್ಟಮೊದಲ ಸಭೆಯಲ್ಲಿಯೇ ಸರ್ವಾನುಮತದಿಂದ ಅಂಗೀಕರಿಸಿರುವ ಸಂಗತಿ. ಓಡುವ ಕುದುರೆಗಳ ಪೈಕಿ ಒಂದು ಮುಂದೆ ಬರುತ್ತದೆ, ಮಿಕ್ಕವು ಹಿಂದೆ ಉಳಿಯುತ್ತವೆ ಎಂಬ ತಿದ್ದುಪಡಿಯನ್ನು ಎರಡನೆಯ ಸಭೆಯಲ್ಲಿ ಸೇರಿಸಲಾಯಿತು. ಅಲ್ಲಿಂದಾಚೆಗೆ ಮಂಡಳಿಗೆ ಇದ್ದದ್ದು ಒಂದೇ ಕೆಲಸ. ಈ ದಿನ ಓಡುವ ಕುದುರೆ ಯಾವುದು, ಅದರ ವಯಸ್ಸೆಷ್ಟು, ತೂಕವೆಷ್ಟು, ಮೇಲೆ ಕೂರುವ ಸವಾರ ಯಾರು, ಹೋದ ಸಲ ಎಲ್ಲಿ ಎಡವಿತು ಎಂಬುದನ್ನೆಲ್ಲ ಬೆಳಿಗ್ಗೆ ಬೆಳಿಗ್ಗೆಯೇ ಜಾಲತಾಣದಲ್ಲಿ ಹಾಕುವುದು. ಯಾರು ಬೇಕಾದರೂ ನೋಡಬಹುದಿತ್ತು, ನೋಡುತ್ತಲೂ ಇದ್ದರು. ಇದರಿಂದ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲವಾದ್ದರಿಂದ ಮಂಡಳಿ ಅನ್ನುವುದೊಂದು ಇದೆ ಎಂಬುದೇ ಜನಕ್ಕೆ ಗೊತ್ತಿರಲಿಲ್ಲ.

ಹೊಸದಾಗಿ ಬಂದ ನಿರ್ದೇಶಕರಿಗೆ ಇದು ಬಹಳ ನೋವು ತಂದಿತು. ಸಭೆ ಕರೆದು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ದಿನಾ ನೋಡ್ತಾರೆ. ಒಬ್ಬರಾದರೂ ಒಂದು ಥ್ಯಾಂಕ್ಸ್ ಅಂದಿದ್ದಾರಾ? ನಾವು ಇಷ್ಟು ಸುಲಭವಾಗಿ ಸಿಗ್ತಾ ಇದ್ರೆ ನಮಗೆ ಯಾರು ಮರ್ಯಾದೆ ಕೊಡ್ತಾರೆ?" ಅಂದರು. ಮರುದಿನ ಪ್ರಕಟಣೆ ಹೊರಬಿತ್ತು.

"ಇನ್ನು ಮುಂದೆ ವೀಕ್ಷಕರನ್ನು ಉಚಿತ ವೀಕ್ಷಕರು ಹಾಗೂ ಶುಲ್ಕ ಕಟ್ಟುವ ಸಂದಾಯ ವೀಕ್ಷಕರು ಎಂದು ಎರಡು ವರ್ಗಗಳಾಗಿ ವಿಂಗಡಿಸಲಾಗಿದೆ. ಸಂದಾಯ ವೀಕ್ಷಕರಿಗೆ ಸಂಪೂರ್ಣ ಮಾಹಿತಿ ದೊರೆಯತಕ್ಕದ್ದು. ಉಚಿತ ವೀಕ್ಷಕರ ಭಾವನೆಗಳಿಗೆ ಧಕ್ಕೆ ಬರದಂತೆ ಅವರಿಗೂ ಮಾಹಿತಿ ನೀಡಲಾಗುವುದು. ಆದರೆ ಅದರಿಂದ ಅವರಿಗೆ ಏನೂ ತಿಳಿಯಕೂಡದು."

ಏನೂ ತಿಳಿಯದ ಹಾಗೆ ಬರೆಯುವ ಹೊಣೆ ಟೈಪಿಂಗ್ ಅಕ್ಕನ ತಲೆಗೆ ಬಂತು. ಅವಳಿಗಿಂತ ದೊಡ್ಡವರೂ, ಸ್ವತಃ ನಿರ್ದೇಶಕರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು, ಏಕೆಂದರೆ ಆ ಕಚೇರಿಯಲ್ಲಿ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಬಂದದ್ದು ತಾತ್ಕಾಲಿಕ ನೌಕರಳಾಗಿ. ಅವಳ ಜೊತೆಯಲ್ಲೇ ತಾತ್ಕಾಲಿಕವಾಗಿ ಬಾಡಿಗೆಗೆ ತಂದಿದ್ದ ಕುರ್ಚಿ ಯಾವಾಗಲೋ ಕಾಯಂ ಆಗಿತ್ತು. ಅಕ್ಕ ಮಾತ್ರ ಅದರ ಮೇಲೆ ತಾತ್ಕಾಲಿಕವಾಗಿ ಕೂತಿದ್ದಳು.

"ಈ ಸಲ ನಿಮ್ಮ ಕಾಯಂ ವಿಷಯ ಆಗೇ ಆಗತ್ತೆ ಅಕ್ಕ," ಅಂದರು ನಿರ್ದೇಶಕರು. "ಒಂದೇ ಮಾತು. ಮಾಹಿತಿ ಸೋರಬಾರದು. ಸೋರಿದ್ರೆ ತಾತ್ಕಾಲಿಕದವರು ಅವತ್ತೇ ಮನೆಗೆ."

ಅಕ್ಕ ಕಷ್ಟಪಟ್ಟು ಉಚಿತ ಪುಟ ಸಿದ್ಧಮಾಡಿದಳು. "ಇಂದು ಕೆಲವು ಕುದುರೆಗಳು ಓಡುವ ಸಂಭವವಿದೆ. ಅವುಗಳಿಗೆ ಕಾಲುಗಳಿವೆ. ಸವಾರರು ಮೇಲ್ಭಾಗದಲ್ಲಿ ಇರುತ್ತಾರೆ." ನಿರ್ದೇಶಕರು ಓದಿ ಮೆಚ್ಚಿಕೊಂಡು, ಕಾಲಿನ ವಿಷಯ ಪುಕ್ಕಟೆ ಯಾಕೆ ಕೊಡುವುದು ಅಂತ ಎರಡನೆಯ ವಾಕ್ಯ ಹೊಡೆದುಹಾಕಿದರು.

ಈಗ ಅಕ್ಕನ ಮನೆಯ ವಿಷಯ. ಮನೆಯಲ್ಲಿ ಇದ್ದವರು ಅವಳು ಮತ್ತು ಅವಳ ಅಪ್ಪ. ಅಪ್ಪ ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು, ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದ್ದರು. ಬೆಳಿಗ್ಗೆ ಎದ್ದು ಟೀ ಲೋಟ ಹಿಡಿದು, ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ಕುದುರೆಗಳ ಸಮಾಚಾರವನ್ನು ಗಟ್ಟಿಯಾಗಿ ಓದುವುದು ಅವರಿಗೆ ಉಳಿದಿದ್ದ ಒಂದೇ ಒಂದು ಖುಷಿ. ಬಾಜಿ ಮಾತ್ರ ಜನ್ಮದಲ್ಲಿ ಕಟ್ಟಿದವರಲ್ಲ. "ಛೆ ಛೆ! ಪಾಪ, ಅವು ಓಡೋದೇ ಹೆಚ್ಚು. ಅದರ ಬೆನ್ನ ಮೇಲೆ ನಮ್ಮ ದುಡ್ಡಿನ ಭಾರ ಬೇರೆ ಹೊರಿಸೋದಾ?" ಅನ್ನುತ್ತಿದ್ದರು. ಬೆಳ್ಳಿಗೆಜ್ಜೆ ಅನ್ನುವ ಹೆಣ್ಣು ಕುದುರೆಯ ಕಾಲು ಉಳುಕಿದೆ ಅಂತ ಓದಿದ ದಿನ ಅವರಿಗೆ ಊಟ ಸೇರಿರಲಿಲ್ಲ.

ಹೊಸ ಪುಟ ಬಂದ ಬೆಳಿಗ್ಗೆ ಅಪ್ಪ ಅದನ್ನು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಇದೇನೇ ಇದು? ಸವಾರರು ಮೇಲ್ಭಾಗದಲ್ಲಿ ಇರ್ತಾರಂತೆ. ಇನ್ನೆಲ್ಲಿರ್ತಾರೆ, ಹೊಟ್ಟೆ ಕೆಳಗೆ ನೇತಾಡ್ತಾರಾ?"

"ಅಪ್ಪಾ, ಅದು ಉಚಿತ ವಿಭಾಗ."

"ಏನಾದ್ರೂ ಆಗಲಿ. ಬೆಳ್ಳಿಗೆಜ್ಜೆ ಕಾಲು ಹೇಗಿದೆ, ಅದನ್ನ ಹೇಳು."

"ಹೇಳೋ ಹಾಗಿಲ್ಲ ಅಪ್ಪಾ."

"ಸರಿ ಹಾಗಾದ್ರೆ, ಆ ಶುಲ್ಕ ಕಟ್ಟಿಬಿಡೋಣ."

ಅದಕ್ಕೂ ದಾರಿ ಇರಲಿಲ್ಲ. ನೌಕರರಾಗಲಿ ಅವರ ಬಂಧುಗಳಾಗಲಿ ಸಂದಾಯ ವೀಕ್ಷಕರಾಗುವಂತಿಲ್ಲ ಎಂದು ನಿಯಮವಿತ್ತು. ಅವರಿಗೆ ಮಾಹಿತಿ ಮೊದಲೇ ಗೊತ್ತಿರುವ ಸಂಭವವಿರುವುದರಿಂದ, ಗೊತ್ತಿರುವುದನ್ನೇ ಅವರಿಗೆ ಮಾರಿದರೆ ಮೋಸವಾಗುತ್ತದೆ. ಮಂಡಳಿ ಯಾರಿಗೂ ಮೋಸ ಮಾಡುತ್ತಿರಲಿಲ್ಲ. ಅಪ್ಪ ಮೊಬೈಲನ್ನು ಕವುಚಿ ಇಟ್ಟರು. ಮಾರನೆಯ ದಿನದಿಂದ ಗಡ್ಡ ಹೆರೆಯುವುದನ್ನು ಬಿಟ್ಟರು, ಟೀ ಕೈಯಲ್ಲೇ ಆರಿಹೋಗುತ್ತಿತ್ತು. ಗಾಳಿ ತೆಗೆದ ಚೆಂಡಿನ ಹಾಗೆ ಕೂತಿರುತ್ತಿದ್ದ ಅಪ್ಪನನ್ನು ಅಕ್ಕ ದಿನಾ ನೋಡುತ್ತಿದ್ದಳು. ಒಂದೇ ಒಂದು ಮಾತು, ಕಾಲು ವಾಸಿಯಾಗಿದೆ ಅಂತ ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದರೆ ಕೆಲಸ ಹೋಗುತ್ತಿತ್ತು, ಕೆಲಸ ಹೋದರೆ ಇಬ್ಬರ ಹೊಟ್ಟೆಗೂ ತಣ್ಣೀರು ಬಟ್ಟೆ. ಅವಳು ತುಟಿ ಬಿಗಿ ಹಿಡಿದುಕೊಂಡು ಆಫೀಸಿಗೆ ಹೋಗುತ್ತಿದ್ದಳು.

ಇಷ್ಟರಲ್ಲಿ ಲೆಕ್ಕ ತಪಾಸಣೆಯವರು ಬಂದರು. ಕೆಳಗೆ ಬಿದ್ದ ಗುಂಡುಪಿನ್ನಿನಲ್ಲೂ ಅಕ್ರಮದ ವಾಸನೆ ಹಿಡಿಯುವ ಮನುಷ್ಯ. ಬಂದವರೇ ಅಕ್ಕನ ಬೆನ್ನ ಹಿಂದೆ ನಿಂತರು.

"ಏನು ಟೈಪ್ ಮಾಡ್ತಿದ್ದೀರಿ ಅಕ್ಕ?"

"ಇವತ್ತಿನ ಮೂರನೇ ಓಟದ ವಿವರ ಸಾರ್."

"ಅದು ನಿಮಗೆ ಕಾಣಿಸ್ತಾ ಇದೆಯಾ?"

"ಕಾಣಿಸ್ತಾ ಇದೆ ಸಾರ್."

"ಶುಲ್ಕ ಕಟ್ಟಿದ್ದೀರಾ?"

ಇಷ್ಟು ಕಾಲವೂ ಒಬ್ಬ ನೌಕರಳು ಮಂಡಳಿಯ ಬೆಲೆಬಾಳುವ ಮಾಹಿತಿಯನ್ನು ಹಾಡಹಗಲೇ, ಕಣ್ಣು ಬಿಟ್ಟುಕೊಂಡು, ಪುಕ್ಕಟೆಯಾಗಿ ಓದುತ್ತಿದ್ದದ್ದು ಯಾರಿಗೂ ಹೊಳೆದೇ ಇರಲಿಲ್ಲ. ನಿರ್ದೇಶಕರು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಮೊದಲು, ಅಕ್ಕ ಕಣ್ಣು ಮುಚ್ಚಿಕೊಂಡು ಟೈಪ್ ಮಾಡತಕ್ಕದ್ದು ಎಂದು ಆದೇಶವಾಯಿತು. ಆ ದಿನ ಒಂದು ಕುದುರೆಯ ತೂಕ ಹಡಗಿನಷ್ಟಾಯಿತು. ಇನ್ನೊಂದರ ಮೇಲೆ ಸವಾರನ ಬದಲು ಪ್ರಶ್ನಾರ್ಥಕ ಚಿಹ್ನೆ ಹತ್ತಿ ಕೂತಿತು. ಸಂದಾಯ ವೀಕ್ಷಕರು ಇದು ತಮಗಾಗಿಯೇ ಕೊಟ್ಟ ವಿಶೇಷ ಮಾಹಿತಿ ಎಂದು ತಿಳಿದು ಆ ಕುದುರೆಯ ಮೇಲೇ ಬಾಜಿ ಕಟ್ಟಿದರು. ಹಾಗಾಗಿ ಆದೇಶವನ್ನು ಬದಲಾಯಿಸಿ, ನೌಕರರು ಕಣ್ಣು ಬಿಟ್ಟುಕೊಂಡು ಟೈಪ್ ಮಾಡಬಹುದು, ಆದರೆ ತಿಳಿದುಕೊಂಡದ್ದನ್ನೆಲ್ಲ ಕಚೇರಿ ಬಿಡುವ ಮುನ್ನ ಮರೆಯತಕ್ಕದ್ದು, ಒಮ್ಮೆ ಜಾಲತಾಣಕ್ಕೆ ಏರಿಸಿದ ಪುಟವನ್ನು ಮತ್ತೆ ತೆರೆದು ನೋಡತಕ್ಕದ್ದಲ್ಲ ಎಂದು ಮಾಡಲಾಯಿತು.

ಮರೆಯುವುದಕ್ಕೆ ಮೆಟ್ಟಿಲ ಕೆಳಗಿನ ಕೋಣೆಯನ್ನು ಸುಣ್ಣ ಬಳಿದು ಸಿದ್ಧಪಡಿಸಿದರು. ಒಂದು ಬೆಂಚು, ಒಂದು ಬೋಳು ಗೋಡೆ, ಬಾಗಿಲ ಮೇಲೆ 'ಮರೆವು ಕೊಠಡಿ' ಎಂಬ ಫಲಕ. ಮರೆವು ಅಧಿಕಾರಿಯಾಗಿ ದಾಖಲೆ ಕೋಣೆಯವರನ್ನೇ ನೇಮಿಸಲಾಯಿತು. ಅಲ್ಲಿ ಬಹಳ ಕಾಲ ಸೇವೆ ಸಲ್ಲಿಸಿ, ಒಂದೂ ದಾಖಲೆ ಸಿಗದ ಹಾಗೆ ನೋಡಿಕೊಂಡ ಅನುಭವ ಅವರಿಗಿತ್ತು.

ಮೊದಲ ಸಂಜೆ ಅವರು ಕೇಳಿದರು, "ಮೂರನೇ ಓಟದಲ್ಲಿ ಬಿಳಿ ಮೂಗಿನ ಕುದುರೆ ಯಾವುದು?"

"ಗೊತ್ತಿಲ್ಲ ಸಾರ್."

"ಇಷ್ಟು ಬೇಗ ಗೊತ್ತಿಲ್ಲ ಅಂದ್ರೆ ಗೊತ್ತಿದೆ ಅಂತ ಅರ್ಥ. ಗೊತ್ತಿಲ್ಲದವರು ಸ್ವಲ್ಪ ಯೋಚನೆ ಮಾಡ್ತಾರೆ."

ಅಕ್ಕ ಯೋಚನೆ ಮಾಡಿದಳು.

"ಯಾಕೆ ಯೋಚನೆ ಮಾಡ್ತಿದ್ದೀರಿ? ಯೋಚಿಸಿದ್ರೆ ನೆನಪಾಗಿಬಿಡತ್ತೆ!"

"ಸಾರ್, ಒಂದು ಅನುಮಾನ," ಅಂದಳು ಅಕ್ಕ. "ನಾನು ಮರೆತಿದ್ದೀನೋ ಇಲ್ಲವೋ ಅಂತ ನೀವು ಪರೀಕ್ಷೆ ಮಾಡಬೇಕಾದ್ರೆ, ಸರಿ ಉತ್ತರ ನಿಮಗೆ ಗೊತ್ತಿರಬೇಕಲ್ಲ? ನೀವು ಶುಲ್ಕ ಕಟ್ಟಿದ್ದೀರಾ?"

ಮರೆವು ಅಧಿಕಾರಿಯ ಮುಖ ಬಿಳಿಚಿಕೊಂಡಿತು. ಆ ಸಂಜೆ ಅಕ್ಕ ಎದ್ದು ಮನೆಗೆ ಹೋದಳು, ಅವರು ಅದೇ ಬೆಂಚಿನ ಮೇಲೆ ಗೋಡೆ ನೋಡುತ್ತ ಕೂತರು. ಮುಂದೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಅವರು ಪ್ರಶ್ನೆ ಕೇಳುವುದು, ಅಕ್ಕ ಉತ್ತರ ಹೇಳುವಾಗ ಕಿವಿ ಮುಚ್ಚಿಕೊಳ್ಳುವುದು. ಕೆಲಸ ಸಲೀಸಾಗಿ ನಡೆಯಿತು.

ತಪಾಸಣೆಯವರು ಅಷ್ಟಕ್ಕೇ ಸುಮ್ಮನಾಗುವ ಪೈಕಿ ಅಲ್ಲ. ಲಾಯದ ಕಡೆ ಹೋಗಿ ನೋಡಿದರೆ ಅಲ್ಲಿ ಸವಾರರಿಗೆಲ್ಲ ತಾವು ಯಾವ ಕುದುರೆ ಹತ್ತುತ್ತೇವೆ ಎಂಬುದು ಪುಕ್ಕಟೆಯಾಗಿ ಗೊತ್ತಿತ್ತು! ಕುದುರೆಗಳಿಗೆ ಕಿವಿಯಿಂದ ಬಾಲದ ತನಕ ಹಾಸುಬಟ್ಟೆ ಹೊದಿಸಬೇಕು, ಸವಾರರು ಕೈಗೆ ಸಿಕ್ಕಿದ್ದನ್ನು ಹತ್ತಬೇಕು ಎಂದಾಯಿತು. ಪ್ರೇಕ್ಷಕರ ಪೈಕಿ ಉಚಿತ ವರ್ಗದವರ ಕುರ್ಚಿಗಳನ್ನು ಮೈದಾನಕ್ಕೆ ಬೆನ್ನು ಮಾಡಿ ತಿರುಗಿಸಿದರು. ಅವರು ಗೊರಸಿನ ಸದ್ದಿಗೇ ಎದ್ದು ಕುಣಿದು ಚಪ್ಪಾಳೆ ಹೊಡೆದು ಸಂತೋಷವಾಗಿ ಮನೆಗೆ ಹೋಗುತ್ತಿದ್ದರು.

ಕಡೆಗೆ ಉಳಿದದ್ದು ಕುದುರೆಗಳು. ಪಶುವೈದ್ಯರನ್ನು ಕರೆಸಿದರು.

"ಡಾಕ್ಟ್ರೇ, ಕುದುರೆಯನ್ನ ಹೆಸರು ಹಿಡಿದು ಕರೆದ್ರೆ ತಿರುಗಿ ನೋಡತ್ತಾ?" ಎಂದು ನಿರ್ದೇಶಕರು ಕೇಳಿದರು.

"ನೋಡತ್ತೆ ಸಾರ್. ತುಂಬಾ ಬುದ್ಧಿವಂತ ಪ್ರಾಣಿ."

"ಅಂದ್ರೆ ಯಾರು ಓಡ್ತಿದ್ದಾರೆ ಅನ್ನೋದು ಅದಕ್ಕೆ ಗೊತ್ತಿದೆ ಅಂತಾಯ್ತು." ನಿರ್ದೇಶಕರ ಧ್ವನಿಯಲ್ಲಿ ಕೋಪಕ್ಕಿಂತ ದುಃಖವೇ ಹೆಚ್ಚಾಗಿತ್ತು. "ಬೇರೆಯವರ ವಿಷಯ ಬಿಡಿ. ಕುದುರೆಗಳು ನಮಗೆ ಹೀಗೆ ಮಾಡ್ತಾವೆ ಅಂತ ನಾನು ಎಣಿಸಿರಲಿಲ್ಲ."

ಅಂದಿನಿಂದ ದಿನಾ ಬೆಳಿಗ್ಗೆ ಕುದುರೆಗಳ ಹೆಸರು ಬದಲಾಯಿಸಿ, ಅದನ್ನು ಅವುಗಳಿಗೆ ತಿಳಿಸದೆ ಇಡಲಾಯಿತು. ಹಳೆಯ ಒಳ್ಳೊಳ್ಳೆಯ ಹೆಸರುಗಳು ಬೇಗ ಖರ್ಚಾದವು. ಆಮೇಲೆ ನೌಕರರು ಬಾಯಿಗೆ ಬಂದದ್ದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕತೊಡಗಿದರು. ಊಟದ ವಿರಾಮ, ಕೆಟ್ಟ ಲಿಫ್ಟ್, ರಜೆ ನಾಮಂಜೂರು ಮುಂತಾದ ಕುದುರೆಗಳು ಆ ಕಾಲದಲ್ಲಿ ಬಹಳ ಚೆನ್ನಾಗಿ ಓಡಿದವು.

ಇತ್ತ ಅಪ್ಪ ದಿನದಿಂದ ದಿನಕ್ಕೆ ಸೊರಗುತ್ತಿದ್ದರು. ತಡೆಯಲಾರದೆ ಅಕ್ಕ ಒಂದು ದಿನ ನಿರ್ದೇಶಕರ ಕೋಣೆಗೆ ಹೋದಳು.

"ಸಾರ್, ನಮ್ಮಪ್ಪನಿಗೆ ನಿಜ ಹೇಳಬಾರದು, ಒಪ್ಪಿದೆ. ಸುಳ್ಳು ಹೇಳಬಹುದಾ?"

ಈ ಪ್ರಶ್ನೆಯನ್ನು ಮಂಡಳಿಗೆ ಈ ಮುಂಚೆ ಯಾರೂ ಕೇಳಿರಲಿಲ್ಲ. ನಿರ್ದೇಶಕರು ತಪಾಸಣೆಯವರನ್ನು ಕರೆಸಿದರು. ಇಬ್ಬರೂ ತಲೆ ಕೆರೆದುಕೊಂಡರು, ನಿಯಮಗಳನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಓದಿದರು. ಕಡೆಗೆ ತಪಾಸಣೆಯವರು ಗಂಟಲು ಸರಿಮಾಡಿಕೊಂಡು ಹೇಳಿದರು: "ತಪ್ಪು ಮಾಹಿತಿಗೆ ಶುಲ್ಕ ನಿಗದಿಯಾಗಿಲ್ಲ. ಶುಲ್ಕವಿಲ್ಲದ್ದು ಉಚಿತ. ಉಚಿತವಾದದ್ದನ್ನು ಯಾರು ಯಾರಿಗೆ ಬೇಕಾದರೂ ಹೇಳಬಹುದು. ಆದರೆ ಅಕ್ಕ, ಒಂದು ಚೂರೂ ನಿಜ ಬೆರೆಸಕೂಡದು. ಬೆರೆಸಿದ್ರೆ ಅದು ಸೋರಿಕೆ."

ಅಕ್ಕ ಓಡಿಕೊಂಡೇ ಮನೆಗೆ ಬಂದಳು. ಚಪ್ಪಲಿ ಕೂಡ ಬಿಡದೆ, "ಅಪ್ಪಾ, ಇವತ್ತು ಯಾರ್ ಯಾರು ಓಡಿದ್ರು ಹೇಳ್ಲಾ? ಆದ್ರೆ ನಾನು ಹೇಳೋದೆಲ್ಲ ಸುಳ್ಳು," ಅಂದಳು.

"ಒಂದೂ ನಿಜ ಇರಲ್ವಾ?"

"ಇದ್ರೆ ಕೆಲಸ ಹೋಗತ್ತೆ."

ಅಪ್ಪ ಕುರ್ಚಿ ಎಳೆದುಕೊಂಡು, "ಹಾಗಾದ್ರೆ ಹೇಳು," ಅಂದರು.

ಅಕ್ಕ ಹೇಳಿದಳು, ನೋಡಿ! ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಹೋಗಿದ್ದ ಬೂದು ಬಣ್ಣದ ಹೆಣ್ಣು ಕುದುರೆ ಅರ್ಧ ಓಟದಲ್ಲಿ ಅವನನ್ನು ಕಂಡು ಮುಖ ತಿರುಗಿಸಿ ನಿಂತ ಕತೆ ಹೇಳಿದಳು. ಸವಾರನಿಗೆ ನೆಗಡಿಯಾದದ್ದಕ್ಕೆ ತಾನೇ ಅವನನ್ನು ಮನೆಗೆ ಬಿಟ್ಟು ಬಂದು ಒಂಟಿಯಾಗಿ ಓಡಿದ ಕುದುರೆಯ ಕತೆ ಹೇಳಿದಳು. ಅವಳು ಹೇಳುತ್ತಾ ಹೋದಂತೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು, ನಡುವೆ "ಅಯ್ಯೋ ಪಾಪ" ಅಂದರು, ಆ ಬೂದು ಕುದುರೆಯ ಗಂಡನನ್ನು ಚೆನ್ನಾಗಿ ಬೈದರು. ಮರುದಿನ ಬೆಳಿಗ್ಗೆ ನುಣ್ಣಗೆ ಗಡ್ಡ ಹೆರೆದುಕೊಂಡು ಸಂಜೆಗಾಗಿ ಕಾದರು. ವಾರ ಕಳೆಯುವುದರೊಳಗೆ ಪಕ್ಕದ ಮನೆಯ ಚಿಕ್ಕಮ್ಮ ಸ್ಟೂಲು ತಂದು ಹಾಕಿಕೊಂಡರು, ಎದುರುಮನೆಯ ದರ್ಜಿ ಕೈಯಲ್ಲಿ ಸೂಜಿದಾರ ಹಿಡಿದೇ ಬಂದ, ಆಮೇಲೆ ಬೀದಿಗೆ ಬೀದಿಯೇ ಬಂತು.

ಇದರಿಂದ ಮನೆಯಲ್ಲಿ ಒಂದು ಹೊಸ ಪದ್ಧತಿ ಹುಟ್ಟಿಕೊಂಡಿತು. ಸುಳ್ಳು ಹೇಳಿ ಹೇಳಿ ರೂಢಿಯಾದ ಅಕ್ಕನಿಗೆ, ಆಫೀಸಿನ ಯಾವ ಮಾತಿಗೆ ಶುಲ್ಕವಿದೆ ಯಾವುದಕ್ಕಿಲ್ಲ ಅನ್ನುವ ಗೋಜೇ ಬೇಡ ಅನ್ನಿಸಿ, ಎಲ್ಲವನ್ನೂ ಉಲ್ಟಾ ಹೇಳುವುದೇ ಕ್ಷೇಮವಾಗಿ ಕಂಡಿತು. ಅಪ್ಪ ಅದನ್ನು ತಿರುವಿ ಹಾಕಿ ಅರ್ಥಮಾಡಿಕೊಳ್ಳುತ್ತಿದ್ದರು. "ಇವತ್ತು ಆಫೀಸಲ್ಲಿ ಕೆಲಸವೇ ಇರಲಿಲ್ಲ" ಅಂದರೆ ಎದ್ದು ಟೀ ಮಾಡಿಕೊಡುವರು. "ನನಗೆ ಹಸಿವೇ ಇಲ್ಲ" ಅಂದರೆ ತಟ್ಟೆ ಹಾಕುವರು.

ಹೀಗೆ ಸುಖವಾಗಿರುವಾಗ ಅನಾಹುತವಾಯಿತು. ಅಕ್ಕ ಒಂದು ಸಂಜೆ, ನಾಳೆ 'ಸಹಿ ಬಾಕಿ' ಅನ್ನುವ ಕುದುರೆ ಗೆಲ್ಲುತ್ತದೆ, ಯಾಕಂದರೆ ಮಿಕ್ಕವೆಲ್ಲ ನಡುದಾರಿಯಲ್ಲಿ ನಿಂತು ಅದಕ್ಕೆ ದಾರಿ ಬಿಡುತ್ತವೆ ಅಂತ ಕತೆ ಕಟ್ಟಿದಳು. ಒಂದೇ ಆಫೀಸಿನ ಗಾಳಿ ಕುಡಿದ ತಲೆಗಳಿಗೆ ಒಂದೇ ಹೆಸರು ಹೊಳೆಯುವುದು ಸಹಜ. ಮರುದಿನ ಡಬ್ಬಿಯಿಂದ ಬಂದ ಚೀಟಿಯಲ್ಲೂ ಸಹಿ ಬಾಕಿ ಅಂತಲೇ ಇತ್ತು. ಓಟದ ನಡುವೆ ಮಿಕ್ಕ ಕುದುರೆಗಳ ಹಾಸುಬಟ್ಟೆ ಒಂದಕ್ಕೊಂದು ಸಿಕ್ಕಿಕೊಂಡು ಅವೆಲ್ಲ ನಿಂತಲ್ಲೇ ನಿಂತವು. ಸಹಿ ಬಾಕಿ ನಿಧಾನವಾಗಿ ನಡೆದುಕೊಂಡು ಬಂದು ಗೆದ್ದಿತು. ಸುದ್ದಿ ತಿಳಿದ ಬೀದಿಯವರು ಹೋ ಎಂದು ಕೂಗಿದ್ದು ತಪಾಸಣೆಯವರ ಮನೆಯ ತನಕ ಕೇಳಿಸಿತು.

ಅಕ್ಕನಿಗೆ ನೋಟೀಸು ಬಂತು. "ತಾವು ಸುಳ್ಳು ಹೇಳುವಾಗ ವಹಿಸತಕ್ಕ ಕನಿಷ್ಠ ಎಚ್ಚರಿಕೆಯನ್ನೂ ವಹಿಸದೆ, ಸಾರ್ವಜನಿಕರ ಸಮ್ಮುಖದಲ್ಲಿ ನಿಜ ನುಡಿದಿರುವುದು ಮಂಡಳಿಯ ಗಮನಕ್ಕೆ ಬಂದಿರುತ್ತದೆ. ವಿಚಾರಣೆಗೆ ಹಾಜರಾಗತಕ್ಕದ್ದು."

ಅಂದು ಬೆಳಿಗ್ಗೆ ಹೊರಡುವಾಗ ಅವಳು, "ಇವತ್ತು ವಿಚಾರಣೆ ಗಿಚಾರಣೆ ಏನೂ ಇಲ್ಲ ಅಪ್ಪಾ, ನನಗೆ ಒಂಚೂರೂ ಭಯವಿಲ್ಲ," ಅಂದಳು. ಅಪ್ಪ ಟೀ ಲೋಟ ಕೆಳಗಿಟ್ಟು ಬೀದಿಯ ತಿರುವಿನ ತನಕ ಅವಳ ಜೊತೆ ನಡೆದು ಬಂದರು.

ವಿಚಾರಣಾ ಕೋಣೆಯಲ್ಲಿ ನಿರ್ದೇಶಕರು, ತಪಾಸಣೆಯವರು, ಮರೆವು ಅಧಿಕಾರಿ ಸಾಲಾಗಿ ಕೂತಿದ್ದರು. ಈ ವಯಸ್ಸಿನಲ್ಲಿ ಇನ್ನೆಲ್ಲಿ ಕೆಲಸ ಹುಡುಕಲಿ, ಅಪ್ಪನ ಮುಖ ಹೇಗೆ ನೋಡಲಿ ಅಂತ ಅಕ್ಕನಿಗೆ ಅಳುವೇ ಬಂತು.

"ಬೇಕಂತ ಮಾಡಿದ್ದಲ್ಲ ಸಾರ್. ನಿಜವಾಗ್ಲೂ ಸುಳ್ಳು ಹೇಳಬೇಕು ಅಂತಲೇ ಹೇಳಿದ್ದು."

"ಎಲ್ಲರೂ ಹಾಗೇ ಅಂತಾರೆ," ಅಂದರು ತಪಾಸಣೆಯವರು. "ಉದ್ದೇಶ ಸುಳ್ಳೇ ಇರಬಹುದು. ಪರಿಣಾಮ ನಿಜ."

ನಿರ್ದೇಶಕರು ಮೇಜು ಗುದ್ದಿದರು. "ನೋಡಿ ಅಕ್ಕ, ನೀವೇನಾದ್ರೂ ತಾತ್ಕಾಲಿಕ ನೌಕರರಾಗಿದ್ದಿದ್ರೆ ಈಗಲೇ, ಈ ಕ್ಷಣವೇ ಮನೆಗೆ ಕಳಿಸ್ತಿದ್ದೆ!"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನು ತಾತ್ಕಾಲಿಕವೇ ಅಲ್ವಾ ಸಾರ್?" ಅಂದಳು.

"ಯಾರು ಹೇಳಿದ್ದು?"

"ಯಾರೂ ಏನೂ ಹೇಳಿಲ್ಲ. ಅದಕ್ಕೇ ತಾತ್ಕಾಲಿಕ."

"ಅಯ್ಯೋ, ನಿಮ್ಮನ್ನ ಕಾಯಂ ಮಾಡಿ ಆದೇಶ ಹೊರಟು ಬಹಳ ಕಾಲ ಆಯ್ತಲ್ರೀ! ಜಾಲತಾಣದಲ್ಲಿ ಹಾಕಿದೀವಿ."

"ಎಲ್ಲಿ ಸಾರ್?"

"ಸಂದಾಯ ವಿಭಾಗದಲ್ಲಿ. ನೌಕರರ ವಿಷಯ ನೌಕರರ ಕೈಗೆ ಸಿಗಬಾರದು ಅಂತ ನಾನೇ ಒಂದೇ ಬೆರಳಲ್ಲಿ ಟೈಪ್ ಮಾಡಿ ಹಾಕ್ದೆ. ಚಂದಾ ಕಟ್ಟಿದವರಿಗೆಲ್ಲ ಗೊತ್ತು. ಅಭಿನಂದನೆ ಕೂಡ ರಾಶಿ ರಾಶಿ ಬಂದಿದೆ. ನಿಮಗೆ ತೋರಿಸಿದ್ರೆ ಸೋರಿಕೆ ಆಗತ್ತೆ ಅಂತ ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದೀನಿ."

ಅಕ್ಕನಿಗೆ ನೆಲ ಎಲ್ಲಿದೆ ಅಂತ ತಿಳಿಯಲಿಲ್ಲ. ಕಾಯಂ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲವಾದ್ದರಿಂದ, ಇನ್ನು ಮುಂದೆ ಹೆಚ್ಚಿನ ಜವಾಬ್ದಾರಿಯಿಂದ ಸುಳ್ಳು ಹೇಳಬೇಕು ಎಂಬ ಎಚ್ಚರಿಕೆಯೊಂದಿಗೆ ವಿಚಾರಣೆ ಮುಕ್ತಾಯವಾಯಿತು. ಆಗ ತಪಾಸಣೆಯವರು ನಿಧಾನವಾಗಿ ಪೆನ್ನಿನ ಮುಚ್ಚಳ ತೆಗೆದರು.

"ಸಾರ್, ಸಂದಾಯ ವಿಭಾಗದ ಮಾಹಿತಿಯನ್ನು ತಾವು ಈಗ ಇವರಿಗೆ ಪುಕ್ಕಟೆ ಹೇಳಿದಿರಿ."

ನಿರ್ದೇಶಕರು ಬಾಯಿ ಮುಚ್ಚಿಕೊಂಡರು. ಆದರೆ ಮಾತು ಆಗಲೇ ಹೊರಬಿದ್ದಿತ್ತು. ಮರೆವು ಅಧಿಕಾರಿ ಎದ್ದು, ಅಕ್ಕನನ್ನು ಮೆಟ್ಟಿಲ ಕೆಳಗಿನ ಕೋಣೆಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು.

"ನೀವು ಕಾಯಂ ಆಗಿದ್ದೀರಾ?"

"ಗೊತ್ತಿಲ್ಲ ಸಾರ್," ಅಂದಳು ಅಕ್ಕ, ಕಿವಿಯಿಂದ ಕಿವಿಗೆ ನಗುತ್ತಾ.

"ನಗಬೇಡಿ. ನಗು ನೆನಪಿನ ಲಕ್ಷಣ."

ಅಕ್ಕ ಕೆನ್ನೆ ಕಚ್ಚಿ ಹಿಡಿದಳು, ಬೋಳು ಗೋಡೆ ನೋಡಿದಳು, ಕೆಮ್ಮಿದಳು. ಕಿವಿ ಮುಚ್ಚಿಕೊಂಡಿದ್ದ ಅಧಿಕಾರಿಗೆ ಅವಳು ಮತ್ತೆ ಕಿಸಕ್ಕೆಂದದ್ದು ಕೇಳಿಸಲಿಲ್ಲವಾದ್ದರಿಂದ, ಪೂರ್ತಿ ಮರೆತಿದ್ದಾಳೆ ಎಂದು ತೀರ್ಮಾನಿಸಿ ಬಿಟ್ಟರು.

ಮನೆಯ ಮುಂದೆ ಬೀದಿಯವರೆಲ್ಲ ಸ್ಟೂಲು ಹಾಕಿಕೊಂಡು ಕೂತಿದ್ದರು. ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಮಗಳನ್ನು ಕಂಡು ಕತ್ತನ್ನು ಏನಾಯಿತು ಅನ್ನುವಂತೆ ಆಡಿಸಿದರು.

"ಅಪ್ಪಾ," ಅಂದಳು ಅಕ್ಕ, "ನನ್ನನ್ನ ಕೆಲಸದಿಂದ ತೆಗೆದುಹಾಕಿದ್ರು."

"ಪೂರ್ತಿ?"

"ಪೂರ್ತಿ. ಇನ್ನು ಸಾಯೋ ತನಕ ಈ ಕಡೆ ತಲೆ ಹಾಕಬೇಡ ಅಂದ್ರು."

"ಹೋ!" ಎಂದು ಕೂಗಿದವರು ಪಕ್ಕದ ಮನೆಯ ಚಿಕ್ಕಮ್ಮ. ಬೀದಿಯವರೆಲ್ಲ ಎದ್ದು ಮುಗಿಬಿದ್ದರು. ದರ್ಜಿ ಅವಳ ಕೈ ಕುಲುಕಿ, ಕೆಲಸ ಹೋದದ್ದು ಬಹಳ ಸಂತೋಷ, ನಿಮ್ಮಂಥವರಿಗೆ ಎಂದೋ ಹೋಗಬೇಕಿತ್ತು ಅಂದ. ಗಲಾಟೆ ಕೇಳಿ ತನಿಖೆಗೆಂದು ಬಂದ ತಪಾಸಣೆಯವರು ಒಬ್ಬೊಬ್ಬರ ಬಾಯಿಗೂ ಕಿವಿಗೊಟ್ಟು, ಇಡೀ ಬೀದಿಯಲ್ಲಿ ಒಂದೇ ಒಂದು ನಿಜವೂ ಹೊರಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅಕ್ಕನಿಗೆ ತಮ್ಮ ತೀವ್ರ ವಿಷಾದವನ್ನು ತಿಳಿಸಿ, ಕೊಟ್ಟ ಟೀ ಕುಡಿದು ಹೋದರು.

ಅಪ್ಪ ಮಾತ್ರ ಇನ್ನೂ ಹೊಸ್ತಿಲಲ್ಲೇ ಇದ್ದರು. ಕೆನ್ನೆಯ ಮೇಲೆ ಧಾರಾಕಾರ ನೀರು ಇಳಿಯುತ್ತಿತ್ತು. ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಹೇಳಿದರು:

"ನನಗೆ ಒಂಚೂರೂ ಸಂತೋಷ ಆಗಿಲ್ಲ ಕಣೇ."